ಸವೆದ ಹೆಬ್ಬೆರಳುಗಳ ಅಂಗಡಿ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ, ಗೊಬ್ಬರದ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ, ಒಂದೇ ಶಟರಿನ ಆನ್‌ಲೈನ್ ಸೆಂಟರ್ ಒಂದಿತ್ತು. ಅದನ್ನು ನಡೆಸುತ್ತಿದ್ದವಳು ಮಾಲಿನಿ. ಬೆಳಿಗ್ಗೆ ಶಟರ್ ಎತ್ತಿ, ನೀರು ಚಿಮುಕಿಸಿ ಗುಡಿಸಿ, ಊದುಬತ್ತಿ ಹಚ್ಚಿದ ಮೇಲೆ ಅವಳು ತನ್ನ ಎರಡು ಕಂಪ್ಯೂಟರುಗಳಲ್ಲಿ ಹಳೆಯದನ್ನು ಮೊದಲು ಚಾಲೂ ಮಾಡುತ್ತಿದ್ದಳು. ಅದು ಎಚ್ಚರವಾಗಲು ಹೊತ್ತು ಹಿಡಿಯುತ್ತಿತ್ತು. ಬ್ರೌಸರ್ ತೆರೆದ ಕೂಡಲೇ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚೌಕ ಇಣುಕುತ್ತಿತ್ತು. ಹೊಸ ಆವೃತ್ತಿ ಬಂದಿದೆ, ಈಗಲೇ ಅಪ್‌ಡೇಟ್ ಮಾಡಬೇಕೆ ಎಂದು ಕೇಳುತ್ತಿತ್ತು. ಮಾಲಿನಿ ‘ಆಮೇಲೆ’ ಎಂಬುದನ್ನು ಒತ್ತುತ್ತಿದ್ದಳು. ಅಂಗಳದಲ್ಲಿ ಹರವಿದ ರಾಗಿಗೆ ಬಾಯಿ ಹಾಕಲು ಬಂದ ಕೋಳಿಯನ್ನು ಓಡಿಸುವ ಹಾಗೆ, ಸಿಟ್ಟಿಲ್ಲದೆ, ಸರಿಯಾಗಿ ನೋಡದೆ ಕೂಡ. ಅದು ತಾನಾಗಿ ಒಳಗೆ ಬಂದು ಕೂರದ ಹಾಗೆ ಎಂದೋ ಬೀಗ ಹಾಕಿ ಆಗಿತ್ತು. ಆದರೂ ಕೇಳುವುದನ್ನು ಮಾತ್ರ ಅದು ಬಿಟ್ಟಿರಲಿಲ್ಲ.

ಇಷ್ಟು ಹಟಕ್ಕೆ ಕಾರಣ ಮೇಜಿನ ಮೇಲೆ ಕೂತಿದ್ದ ಹೆಬ್ಬೆಟ್ಟಿನ ಯಂತ್ರ. ಕಪ್ಪಗೆ, ಒರಟಾಗಿ, ಕೈಯಲ್ಲಿ ಹಿಡಿದರೆ ಅಡಕತ್ತರಿಯಷ್ಟು ತೂಗುವ ಯಂತ್ರ. ಮೇಲೆ ದಪ್ಪ ಗಾಜು. ತರೀಕೆರೆಯಲ್ಲಿ ಯಾರೋ ಬ್ಯಾಂಕಿನ ಏಜೆಂಟು ಕೆಲಸ ಬಿಡುವಾಗ ಕೊಟ್ಟದ್ದು. ಅದನ್ನು ತಯಾರಿಸಿದವರು ಯಾವಾಗಲೋ ಬಾಗಿಲು ಹಾಕಿಕೊಂಡಿದ್ದರು. ಅದರ ಜೊತೆಗೆ ಬಂದ ಒಂದು ಪುಟ್ಟ ಸಾಫ್ಟ್‌ವೇರ್ ಇತ್ತು. ಅದು ಹಳೆಯ ಬ್ರೌಸರಿನೊಳಗೆ ಮಾತ್ರ ಕೂರುತ್ತಿತ್ತು. ಹೊಸ ಬ್ರೌಸರಿಗೆ ಆ ಯಂತ್ರ ಇದೆಯೆಂಬುದೇ ಕಾಣುತ್ತಿರಲಿಲ್ಲ.

ಊರಿನ ಬೇರೆ ಸೆಂಟರುಗಳಲ್ಲಿ ಹೊಸ ಯಂತ್ರಗಳಿದ್ದವು. ಅವು ಹಗುರ, ಚುರುಕು. ಆದರೆ ಅವು ಸವೆದ ಬೆರಳನ್ನು ಓದುತ್ತಿರಲಿಲ್ಲ. ಪಿಂಚಣಿ ಬರುವ ಮುದುಕಿಯರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಹೆಬ್ಬೆಟ್ಟು ಒತ್ತಿ ತೋರಿಸಬೇಕು. ಈರುಳ್ಳಿ ಕಿತ್ತು, ತೆಂಗಿನಕಾಯಿ ಸುಲಿದು, ಪಾತ್ರೆಗೆ ಬೂದಿ ತಿಕ್ಕಿ ಹೊಳೆಯ ಕಲ್ಲಿನಂತೆ ನುಣ್ಣಗಾದ ಹೆಬ್ಬೆರಳುಗಳು ಅವರವು. ಹೊಸ ಯಂತ್ರ ಅವನ್ನು ಕಂಡು ಕೆಂಪು ದೀಪ ಉರಿಸಿ ಸುಮ್ಮನಾಗುತ್ತಿತ್ತು. ಮಾಲಿನಿಯ ಯಂತ್ರ ಮಾತ್ರ, ಸ್ವಲ್ಪ ಹೊತ್ತು ಯೋಚನೆ ಮಾಡಿ, ಹಸಿರು ಬೆಳಗುತ್ತಿತ್ತು.

ಹಾಗಾಗಿ ಬೇರೆ ಸೆಂಟರಿನವರೇ ಮುದುಕಿಯರನ್ನು ಇಲ್ಲಿಗೆ ಕಳಿಸುತ್ತಿದ್ದರು. ಸುತ್ತಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ಅವರು ಶಟರಿನ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಮಾಲಿನಿಯ ತವರಾದ ಯಗಟಿಯಿಂದಲೂ, ನಮ್ಮೂರ ಮಗಳ ಅಂಗಡಿ ಎಂದು, ಎರಡು ಬಸ್ಸು ಬದಲಾಯಿಸಿ ಬರುವವರಿದ್ದರು.

ಮಾಲಿನಿಗೆ ಒಂದು ಕ್ರಮವಿತ್ತು. ಬಂದವರನ್ನು ಮೊದಲು ಸುಮ್ಮನೆ ಕೂರಿಸುತ್ತಿದ್ದಳು, ನಡೆದು ಬಂದ ಬೆವರು ಆರಲಿ ಎಂದು. ಆಮೇಲೆ ಹೆಬ್ಬೆರಳನ್ನು ಬೈತಲೆಯ ಮೇಲೆ ಒಮ್ಮೆ ಸವರಿಕೊಳ್ಳಲು ಹೇಳುತ್ತಿದ್ದಳು. ತಲೆಯ ಎಣ್ಣೆಯ ಪಸೆ ಹತ್ತಿದರೆ ಇಲ್ಲದ ಗೆರೆಗಳೂ ಸ್ವಲ್ಪ ಏಳುತ್ತವೆ. ಎಣ್ಣೆ ಹಚ್ಚುವುದನ್ನು ಬಿಟ್ಟುಬಿಟ್ಟ ತಲೆಗಳೂ ಇರುತ್ತಿದ್ದವು. ಅವರಿಗೆಂದು ಮೇಜಿನ ಕೆಳಗೆ ಕೊಬ್ಬರಿ ಎಣ್ಣೆಯ ಸಣ್ಣ ಶೀಸೆ ಇಟ್ಟಿದ್ದಳು, ಯಾರೂ ಕೇಳದೆಯೇ ಒಂದು ಹನಿ ಹಚ್ಚುತ್ತಿದ್ದಳು. ಬೆರಳನ್ನು ಗಾಜಿನ ಮೇಲಿಟ್ಟು, ಉಗುರಿನ ಮೇಲೆ ತನ್ನ ಬೆರಳನ್ನು ಇಟ್ಟು ಹದವಾಗಿ ಅದುಮುತ್ತಿದ್ದಳು. ಹಸಿರು ಬಂದಾಗ ಮುದುಕಿಯ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು. ಎಲೆ ಅಡಿಕೆಯ, ಹೊಗೆಯ, ಹೊಲದ ಉಸಿರು.

“ಬದುಕಿದೀನಂತಾ ಇನ್ನೂವೆ?” ಎಂದು ತಿಮ್ಮಕ್ಕ ಪ್ರತಿವರ್ಷವೂ ಕೇಳುತ್ತಿದ್ದಳು. ಬಸ್ಸಿನ ಸೀಟಿನಲ್ಲೂ, ಕಟ್ಟೆಯ ಮೇಲೂ ಮೊದಲ ಜಾಗ ತನ್ನದೇ ಎಂದು ನಂಬಿದ್ದ ಹೆಂಗಸು ಅವಳು. ಈರುಳ್ಳಿ ಹೊಲದಲ್ಲಿ ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದವಳು.

ಬದುಕಿದೀರ ಅಂತ ಬಂದಿದೆ ಎಂದು ಮಾಲಿನಿ ಹೇಳಿದರೆ, ತಿಮ್ಮಕ್ಕ ಹಿಂದೆ ತಿರುಗಿ ಕಟ್ಟೆಯ ಮೇಲಿದ್ದವರಿಗೆ, “ಕೇಳುಸ್ಕಳ್ರಿ, ನಂದು ಮುಗೀತು. ಯಾರ್ ಯಾರ್ ಸತ್ತಿದೀರೋ ಈಗ ಗೊತ್ತಾಯ್ತದೆ,” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆ ನಗು ಇರುವವರೆಗೆ ಮಾಲಿನಿಗೆ ತಾನು ಯಾರೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದಕ್ಕೆ ಮೊದಲು ಅವಳ ಬದುಕಿನಲ್ಲಿ ಹಾಗಿರಲಿಲ್ಲ. ಯಗಟಿಯಲ್ಲಿ ಕುರಿ ರೊಪ್ಪದ ಪಕ್ಕದ ಮನೆಯಲ್ಲಿ ಹುಟ್ಟಿ, ಬಸ್ಸಿನಲ್ಲಿ ನಿಂತುಕೊಂಡೇ ಕಡೂರಿನ ಕಾಲೇಜಿಗೆ ಹೋಗಿ ಬಂದು, ಬಿ.ಕಾಂ ಎರಡನೇ ವರ್ಷದಲ್ಲಿದ್ದಾಗ ಅವಳ ಮದುವೆ ಗೊತ್ತಾಯಿತು. ಪರೀಕ್ಷೆ ಬರೆಯಬೇಡ ಎಂದು ಯಾರೂ ಹೇಳಲಿಲ್ಲ. ಪರೀಕ್ಷೆ ಇದ್ದ ವಾರದಲ್ಲೇ ಮುಹೂರ್ತ ಸಿಕ್ಕಿತು, ಅಷ್ಟೇ. ಅಪ್ಪ ಆಮೇಲೂ ಬಹಳ ದಿನ, ಓದು ಅಂದಿದ್ದೆ, ಇವಳೇ ಬಿಟ್ಟಳು ಎಂದು ಬಂದವರೆದುರು ಹೇಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿದ್ದರು.

ಗಂಡ ಓಂಕಾರೇಶ್ ಅಜ್ಜಂಪುರದ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತ. ಮೆತ್ತನೆಯ ದನಿಯ ಮನುಷ್ಯ. ಊರಿನಲ್ಲಿ ಅವನನ್ನು ಒಳ್ಳೆಯವನು ಎನ್ನದವರಿರಲಿಲ್ಲ. ಯಾರು ಏನು ಕೇಳಿದರೂ ಅವನ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಬರುತ್ತಿರಲಿಲ್ಲ. “ನೋಡಾಣ,” ಎನ್ನುತ್ತಿದ್ದ. ಆ ‘ನೋಡಾಣ’ದ ಮೇಲೆ ಕೇಳಿದವರು ತಿಂಗಳುಗಟ್ಟಲೆ ಓಡಾಡಿ ತಾವಾಗಿಯೇ ಕೈಬಿಡುತ್ತಿದ್ದರು. ಆಗಲೂ ಅವನ ಮೇಲೆ ಯಾರಿಗೂ ಕೋಪ ಬರುತ್ತಿರಲಿಲ್ಲ.

ಮಗಳು ಕೃತಿಕಾ ಶಾಲೆಗೆ ಸೇರಿದ ವರ್ಷ ಅಂಗಡಿ ಹಾಕುವ ಮಾತನ್ನು ಎತ್ತಿದವನು ಓಂಕಾರೇಶನೇ. ಕಂಪ್ಯೂಟರ್ ಜೋಡಿಸಿಕೊಟ್ಟವನೂ, ತರೀಕೆರೆಯ ಗೆಳೆಯ ಬಸವೇಶನ ಮೂಲಕ ಆ ಯಂತ್ರ ತಂದುಕೊಟ್ಟವನೂ ಅವನೇ. ಮೊದಲ ವರ್ಷ ಹೀಗಾಯಿತು: ಯಾರೂ ಕೇಳದೆ ಬ್ರೌಸರ್ ತಾನಾಗಿ ಹೊಸದಾಯಿತು. ಬೆಳಿಗ್ಗೆ ನೋಡಿದರೆ ಯಂತ್ರ ಸತ್ತ ಹಾಗೆ ಬಿದ್ದಿತ್ತು. ಓಂಕಾರೇಶ್ ರಜೆ ಹಾಕಿ ತರೀಕೆರೆಗೆ ಹೋಗಿ, ಬಸವೇಶನ ಹತ್ತಿರ ಉಳಿದಿದ್ದ ಹಳೆಯ ಬ್ರೌಸರನ್ನೂ ಯಂತ್ರದ ಆ ಪುಟ್ಟ ಸಾಫ್ಟ್‌ವೇರನ್ನೂ ಅವನದೇ ಪೆನ್‌ಡ್ರೈವಿನಲ್ಲಿ ಇಸಿದುಕೊಂಡು ತಂದ. ಒಂದು ಭಾನುವಾರವಿಡೀ ಇಬ್ಬರೂ ಅರ್ಧ ಶಟರ್ ಎಳೆದುಕೊಂಡು ಕೂತಿದ್ದರು. ಕಾಗದದ ಮೇಲೆ ಮಂಡಕ್ಕಿ ಸುರುವಿಕೊಂಡು ತಿನ್ನುತ್ತ, ಹಾಕುವುದು ತೆಗೆಯುವುದು ಮಾಡುತ್ತ. ಸಂಜೆಯ ಹೊತ್ತಿಗೆ ಹಸಿರು ದೀಪ ಬಂತು. ಅವನು ತನ್ನ ಹೆಬ್ಬೆರಳನ್ನು ಒತ್ತಿದ, ಆಮೇಲೆ ಅವಳ ಬೆರಳನ್ನು ಹಿಡಿದು ತಾನೇ ಒತ್ತಿಸಿದ. ಮದುವೆಯಲ್ಲಿ ಕೈ ಹಿಡಿದದ್ದಕ್ಕಿಂತ ಅದೇ ಅವಳಿಗೆ ಹೆಚ್ಚು ನೆನಪಿತ್ತು.

ಅಂದೇ ಅವನು ಅಪ್‌ಡೇಟನ್ನು ಒಳಗಿನಿಂದ ನಿಲ್ಲಿಸಿ, ಅದರ ಮೇಲೆ ಪಾಸ್‌ವರ್ಡ್ ಇಟ್ಟ. ತಂದದ್ದೆಲ್ಲದರ ಒಂದು ನಕಲನ್ನು ಕಂಪ್ಯೂಟರಿನಲ್ಲೇ ಒಂದು ಫೋಲ್ಡರಿನಲ್ಲಿ ಹಾಕಿ, ಆ ಫೋಲ್ಡರಿಗೆ ‘ಜೋಪಾನ’ ಎಂದು ಹೆಸರಿಟ್ಟ. ಮುಂದೆ ಮತ್ತೆ ಹೀಗಾದರೆ ಅದನ್ನು ತೆರೆದು ಒತ್ತಿದರಾಯಿತು, ಅರ್ಧ ಗಂಟೆಯ ಕೆಲಸ ಎಂದು ಹೇಳಿಕೊಟ್ಟ. ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೇ.

ವರ್ಷಗಳು ಹೋದವು. ಅಜ್ಜಂಪುರ ತಾಲ್ಲೂಕಾಯಿತು, ಕಚೇರಿಗಳು ಬಂದವು, ಸ್ಟೇಷನ್ ರಸ್ತೆಯಲ್ಲಿ ಇನ್ನಷ್ಟು ಸೆಂಟರುಗಳಾದವು. ಮಾಲಿನಿ ಇನ್ನೊಂದು ಹೊಸ ಕಂಪ್ಯೂಟರ್ ತಂದು ಬೇರೆಲ್ಲ ಕೆಲಸವನ್ನು ಅದರಲ್ಲಿ ಮಾಡತೊಡಗಿದಳು. ಅದು ಬೇಕೆಂದಾಗಲೆಲ್ಲ ಅಪ್‌ಡೇಟ್ ಆಗುತ್ತಿತ್ತು, ಅವಳು ಬೇಡವೆನ್ನುತ್ತಿರಲಿಲ್ಲ. ಹಳೆಯದರಲ್ಲಿ ಹೆಬ್ಬೆಟ್ಟಿನ ಪುಟ ಬಿಟ್ಟು ಬೇರೇನನ್ನೂ ತೆರೆಯುತ್ತಿರಲಿಲ್ಲ. ಅಷ್ಟು ಸೆಂಟರುಗಳ ನಡುವೆ ಅವಳ ಅಂಗಡಿ ನಿಂತಿದ್ದದ್ದು ಆ ಹೆಬ್ಬೆಟ್ಟಿನ ಮೇಲೆಯೇ. ಆಯುಧಪೂಜೆಗೆ ಎರಡಕ್ಕೂ ವಿಭೂತಿ ಹಚ್ಚಿದರೂ ಹೂವಿನ ಹಾರ ಹಳೆಯದಕ್ಕೇ.

ಹೋದ ವರ್ಷ ಅತ್ತೆ ಪಾಪಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿಸಿ ಕರೆತಂದರು. ಮೂಳೆ ಕೂಡಿತು, ಆದರೆ ಪಾಪಮ್ಮನಿಗೆ ನೆಲದ ಮೇಲಿನ ನಂಬಿಕೆ ಹೋಗಿಬಿಟ್ಟಿತ್ತು. ಯಾರಾದರೂ ಹಿಡಿದುಕೊಳ್ಳದೆ ಮಂಚದಿಂದ ಕಾಲು ಇಳಿಸುತ್ತಿರಲಿಲ್ಲ. ತರೀಕೆರೆಯಲ್ಲಿದ್ದ ಮಗಳು ಅನಿತಾ ತಿಂಗಳಿಗೊಮ್ಮೆ ಕಿತ್ತಳೆ ಹಣ್ಣು ತಂದು, ತಾಯಿಯ ಕಾಲು ನೀವಿ, ಕಣ್ಣೊರೆಸಿಕೊಂಡು ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. ಹೊರಗಿನ ಹೆಂಗಸೊಬ್ಬಳನ್ನು ನೋಡಿಕೊಳ್ಳಲು ಇಟ್ಟದ್ದಾಯಿತು. ಪಾಪಮ್ಮ ಅವಳನ್ನು ಹತ್ತಿರಕ್ಕೂ ಬಿಡಲಿಲ್ಲ.

ಮಾಲಿನಿ ಬೆಳಿಗ್ಗೆ ಅತ್ತೆಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ ಅಂಗಡಿಗೆ ಹೋಗುವಳು. ಮಧ್ಯಾಹ್ನ ಶಟರ್ ಎಳೆದು ಓಡಿ ಬಂದು ಊಟ ಹಾಕಿ ಮತ್ತೆ ಹೋಗುವಳು. ನಡುವಿನ ಹೊತ್ತು ಪಾಪಮ್ಮ ಏನೂ ಕೇಳುತ್ತಿರಲಿಲ್ಲ. ಮೂತ್ರವನ್ನೂ ಬಿಗಿಹಿಡಿದುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಸೊಸೆ ಬಂದು ಮೈ ಹಿಡಿದು ಎಬ್ಬಿಸುವಾಗ ಅವಳ ತೊಡೆಗಳು ನಡುಗುತ್ತಿದ್ದವು. ಆ ನಡುಕ ಮಾಲಿನಿಯ ಕೈಗೆ ಅಂಟಿಕೊಂಡು ಅಂಗಡಿಯವರೆಗೂ ಬರುತ್ತಿತ್ತು.

ಅಂಗಡಿ ಮುಚ್ಚು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ಪಾಪಮ್ಮ ಅನ್ನಲಿಲ್ಲ. ಅನಿತಾ ಮಾತ್ರ, ಅವ್ವ ಎಷ್ಟು ಸೊರಗಿದಾಳೆ ನೋಡತ್ತಿಗೆ ಎಂದು ಹೇಳಿ ಸುಮ್ಮನಾಗುವಳು. ಓಂಕಾರೇಶ್ ಊಟದ ತಟ್ಟೆಯ ಮುಂದೆ ಒಮ್ಮೆ ನಿಟ್ಟುಸಿರು ಬಿಡುವನು. ನೀವೇನಂತೀರ ಎಂದು ಮಾಲಿನಿ ಕೇಳಿದರೆ, ನಿನ್ನಿಷ್ಟ ಎನ್ನುವನು. ಅವಳು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದಳು. ಅವನು ಬಾಯಿಬಿಟ್ಟು ಒಂದು ಸಲ ಕೇಳಲಿ, ಅತ್ತೆ ಎದ್ದು ಓಡಾಡುವವರೆಗೆ ಮುಚ್ಚಿಬಿಡುತ್ತೇನೆ. ಮತ್ತೆ ತೆರೆಯುವಾಗ ಯಂತ್ರ ಹಾಗೇ ಇರುತ್ತದೆ. ಉತ್ತರ ಸಿದ್ಧವಿತ್ತು, ಪ್ರಶ್ನೆ ಬರಲಿಲ್ಲ. ತಾನಾಗಿ ಹೇಳಿಬಿಡಬಹುದಿತ್ತಲ್ಲ ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ಪರೀಕ್ಷೆಯನ್ನು ತಾನಾಗಿ ಬಿಟ್ಟವಳೆಂದು ಒಮ್ಮೆ ಅನ್ನಿಸಿಕೊಂಡದ್ದು ಅವಳಿಗೆ ಸಾಕಾಗಿತ್ತು. ಈ ಸಲ ಯಾರಾದರೊಬ್ಬರು ಕೇಳಲಿ ಎಂದಷ್ಟೇ ಅವಳ ಆಸೆ.

ಹೆಬ್ಬೆಟ್ಟಿನ ತಿಂಗಳು ಬಂತು. ಆ ತಿಂಗಳಲ್ಲೇ ಯಗಟಿಯಲ್ಲಿ ಅಣ್ಣನ ಹೊಸಮನೆಯ ಗೃಹಪ್ರವೇಶ, ಭಾನುವಾರ. ಅತ್ತೆಯನ್ನು ಬಿಟ್ಟು ಹೇಗೆ ಹೋಗಲಿ ಎಂದು ಮಾಲಿನಿ ಹಿಂಜರಿದಾಗ ಓಂಕಾರೇಶನೇ, ಅನಿತಾಳನ್ನು ಕರೆಸುತ್ತೇನೆ, ಮಗಳನ್ನು ಕರೆದುಕೊಂಡು ಹೋಗಿ ಬಾ ಎಂದ. ಶಾಲೆಯ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಯುವುದಿದೆ ಎಂದು ಅಂಗಡಿಯ ಬೀಗದಕೈ ಕೇಳಿ ಇಸಿದುಕೊಂಡ. ಬಸ್ಸಿನವರೆಗೆ ಬೈಕಿನಲ್ಲಿ ಬಿಟ್ಟು, ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟ. ಅವಳು ಆ ದಿನವೆಲ್ಲ ತವರಿನಲ್ಲಿ ಖುಷಿಯಾಗಿದ್ದಳು.

ಸೋಮವಾರ ಬೆಳಿಗ್ಗೆ ಕಟ್ಟೆಯ ಮೇಲೆ ಆಗಲೇ ಆರೇಳು ಜನ ಕೂತಿದ್ದರು. ತಿಮ್ಮಕ್ಕ ಎಂದಿನಂತೆ ಮೊದಲಿಗಳು. ಮಾಲಿನಿ ಹಳೆಯ ಕಂಪ್ಯೂಟರ್ ಚಾಲೂ ಮಾಡಿದಳು. ಬ್ರೌಸರ್ ತೆರೆಯಿತು. ಮೌಸಿನ ಮೇಲೆ ಕೈಯಿಟ್ಟು ಅವಳು ಮೂಲೆಯ ಚೌಕಕ್ಕಾಗಿ ಕಾದಳು. ಚೌಕ ಬರಲಿಲ್ಲ. ಮೂಲೆ ಖಾಲಿಯಿತ್ತು. ಮೇಲಿನ ಪಟ್ಟಿಯ ಬಣ್ಣ ಬೇರೆಯಾಗಿತ್ತು, ಅಂಚುಗಳು ದುಂಡಗಾಗಿದ್ದವು. ಎಲ್ಲವೂ ಅಚ್ಚುಕಟ್ಟಾಗಿ, ಹೊಳೆಯುತ್ತ, ಬೇರೆಯವರ ಮನೆಯ ಹಜಾರದಂತಿತ್ತು.

ತಿಮ್ಮಕ್ಕ ಆಗಲೇ ಬೆರಳನ್ನು ಬೈತಲೆಗೆ ಸವರಿ ಗಾಜಿನ ಮೇಲಿಟ್ಟಿದ್ದಳು. ದೀಪ ಹಸಿರೂ ಆಗಲಿಲ್ಲ, ಕೆಂಪೂ ಆಗಲಿಲ್ಲ. ಯಾವ ಸಾಧನವೂ ಕಂಡುಬಂದಿಲ್ಲ ಎಂದು ಪರದೆಯ ಮೇಲೆ ಬರೆದು ಬಂತು.

ಒಂದು ಗಳಿಗೆ ಕೂತಿರಿ, ಸರಿಮಾಡುತ್ತೇನೆ ಎಂದಳು ಮಾಲಿನಿ. ಗಾಬರಿಯೇನೂ ಆಗಿರಲಿಲ್ಲ, ಅರ್ಧ ಗಂಟೆಯ ಕೆಲಸವಲ್ಲವೆ. ‘ಜೋಪಾನ’ ತೆರೆದಳು. ಅದರಲ್ಲಿ ಏನೂ ಇರಲಿಲ್ಲ. ಮುಚ್ಚಿ ಮತ್ತೆ ತೆರೆದಳು. ಕಸದ ಬುಟ್ಟಿಯಲ್ಲಿ ಹುಡುಕಿದಳು. ಅದನ್ನೂ ಯಾರೋ ಖಾಲಿ ಮಾಡಿದ್ದರು. ತರೀಕೆರೆಯ ಬಸವೇಶನಿಗೆ ಫೋನು ಮಾಡಿದಳು. ಅವನು ಆ ಕಾಲದ ಸಿಸ್ಟಮ್ಮುಗಳನ್ನೆಲ್ಲ ಗುಜರಿಗೆ ಹಾಕಿ ಎಷ್ಟೋ ವರ್ಷವಾಗಿತ್ತು. ಹಳೆಯ ಬ್ರೌಸರಾದರೂ ಎಲ್ಲಾದರೂ ಸಿಕ್ಕೀತು, ಆ ಯಂತ್ರದ ಸಾಫ್ಟ್‌ವೇರ್ ಇನ್ನೆಲ್ಲಿ ಅಕ್ಕಾ ಎಂದ.

ಫೋನು ಕೆಳಗಿಟ್ಟಾಗ ಅವಳಿಗೆ ವಿಷಯ ತಿಳಿದಾಗಿತ್ತು. ತಿಳಿಯಲು ಜಾಣತನವೇನೂ ಬೇಕಾಗಿರಲಿಲ್ಲ. ಬ್ರೌಸರ್ ತಾನಾಗಿ ಹೊಸದಾಗಬಹುದು. ಆದರೆ ಅದು ತನ್ನ ಹಳೆಯ ರೂಪ ಎಲ್ಲಿದೆಯೆಂದು ಹುಡುಕಿಕೊಂಡು ಹೋಗಿ ಅಳಿಸುವುದಿಲ್ಲ. ಅಳಿಸಿದ ಮೇಲೆ ಕಸದ ಬುಟ್ಟಿಯನ್ನು ಬಗ್ಗಿಸುವುದಿಲ್ಲ.

ನಾಳೆ ಬನ್ನಿ ಎಂದು ಕಟ್ಟೆಯ ಮೇಲಿದ್ದವರಿಗೆ ಹೇಳಿದಳು. ಅವರು ಗೊಣಗದೆ ಎದ್ದು ಹೋದರು.

ಮಧ್ಯಾಹ್ನ ಓಂಕಾರೇಶ್ ಅಂಗಡಿಗೇ ಬಂದ. ಸಾಮಾನ್ಯವಾಗಿ ಆ ಹೊತ್ತಿಗೆ ಬರುವವನಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ಏನಾಯಿತೆಂದು ಕೇಳಿದ. ಅವಳು ಹೇಳಿದಳು. ಅವನು ಪರದೆಯನ್ನು ನೋಡಿದ, ಬಹಳ ಹೊತ್ತು ನೋಡಲಿಲ್ಲ.

“ಅದೇ ಆಗಿರ್ತದೆ ಬಿಡು. ಈಗಿನವು ಕೇಳ್ದೇನೇ ಆಗ್ಬಿಡ್ತವೆ,” ಎಂದ.

“ಫೋಲ್ಡರೂ ಅದೇ ಖಾಲಿ ಆಯ್ತಾ?”

ಪಕ್ಕದ ಟೈಲರ್ ಅಂಗಡಿಯ ಮಿಶಿನ್ನು ಓಡಿ ನಿಂತಿತು, ಮತ್ತೆ ಓಡಿತು. ಓಂಕಾರೇಶ್ ಕರವಸ್ತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ.

“ಅವ್ವ ಬೆಳಗ್ಗೆಯಿಂದ ಮಧ್ಯಾಹ್ನದ್ ತಂಕ ಬಿಗಿ ಹಿಡ್ಕಂಡು ಮಲ್ಗಿರ್ತಾಳೆ. ನಿಂಗೊತ್ತು.”

“ಗೊತ್ತು.”

“ಕೃತಿಕಾ ಸ್ಕೂಲಿಂದ ಬಂದ್ರೆ ನೋಡ್ಕಳಕ್ಕೆ ಮನೇಲಿ ಯಾರೂ ಇರಲ್ಲ.”

“ಗೊತ್ತು ಕಣ್ರೀ. ನೀವ್ ಒಂದ್ ಮಾತ್ ಹೇಳಿದ್ರೆ ಆಗ್ತಿರ್ಲಿಲ್ವಾ?”

“ಹೇಳಿದ್ರೆ ಕೇಳ್ತಿದ್ಯಾ?”

“ಕೇಳ್ತಿದ್ದೆ.”

ಅವನಿಗೆ ಅದು ನಿಜವೆಂದು ಗೊತ್ತಿತ್ತು. ಮುಖದಲ್ಲಿ ಕಂಡಿತು. ಆಮೇಲೆ ಅವನು ಆಡಿದ ಮಾತು ಅವನಿಗೇ ಗೊತ್ತಿಲ್ಲದೆ ಜಾರಿದಂತಿತ್ತು. “ಹೇಳಿದ್ರೆ ನಾನೇ ಬಿಡಿಸ್ದಂಗಾಗ್ತಿತ್ತು.”

ಅಷ್ಟು ಹೇಳಿ ಅವನು ತಲೆ ತಗ್ಗಿಸಿದ. ಮಾಲಿನಿ ಅವನನ್ನು ನೋಡಿದಳು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಹಿಂದಿನ ದಿನ, ತಾನು ತವರಿನಲ್ಲಿದ್ದಾಗ, ಅವನು ಒಬ್ಬನೇ ಇಲ್ಲಿ ಕೂತು, ತಾನೇ ಇಟ್ಟ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಒತ್ತಿ, ತಾನೇ ಹಾಕಿದ ಬೀಗ ತೆಗೆದು, ‘ಜೋಪಾನ’ ಎಂದು ತಾನೇ ಬರೆದದ್ದನ್ನು ಓದಿ, ಆಮೇಲೆ ಅಳಿಸಿದ್ದನ್ನು ಅವಳು ಕಣ್ಣಿಗೆ ಕಟ್ಟಿದಂತೆ ಕಂಡಳು. ಅವನು ಅದನ್ನು ಕೂಡ ಮೆತ್ತಗೆ, ಸದ್ದಾಗದಂತೆ ಮಾಡಿರುತ್ತಾನೆ. ಅಂಗಡಿಯನ್ನು ಕಿತ್ತುಕೊಂಡದ್ದಕ್ಕಿಂತ, ತಾನು ಅದನ್ನು ಕೊಡುವ ಅವಕಾಶವನ್ನೇ ಕಿತ್ತುಕೊಂಡನಲ್ಲ ಎಂಬುದು ಅವಳ ಎದೆಯಲ್ಲಿ ಕಹಿಯಾಗಿ ಇಳಿಯಿತು. ಅವನು ಶಾಲೆಯ ಬೆಲ್ಲಿನ ಹೊತ್ತಾಯಿತೆಂದು ಎದ್ದು ಹೋದ.

ಮಂಗಳವಾರ ತಿಮ್ಮಕ್ಕ, ಜೊತೆಗೆ ಹಿಂದಿನ ದಿನದವರು, ಇನ್ನೂ ಇಬ್ಬರು ಮೂವರು ಹೊಸಬರು ಬಂದರು. ಯಂತ್ರ ಸರಿಯಾಯಿತೇ ಎಂದು ಕೇಳಿದರು. ಕೆಟ್ಟಿದೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಗಂಡ ಮಾಡಿದ್ದನ್ನು ಬೀದಿಯಲ್ಲಿ ಆಡುವ ಹೆಂಗಸರನ್ನು ಮಾಲಿನಿ ತಾನೂ ಚಿಕ್ಕಂದಿನಿಂದ ಕೀಳಾಗಿಯೇ ಕಂಡವಳು. ಆದರೆ ಇವರ ಮುಂದೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಇವರ ಒಬ್ಬೊಬ್ಬರ ಬೆರಳಿನ ಬಿಸುಪೂ ಅವಳಿಗೆ ಗೊತ್ತಿತ್ತು. ಇವರಿಗಾದರೂ ನಿಜ ಸೇರಬೇಕು ಎನ್ನಿಸಿತು. ಇವರು ತನ್ನ ಕಡೆಯವರು ಎನ್ನಿಸಿತು.

“ಮಿಶಿನ್ ಕೆಟ್ಟಿಲ್ಲ ತಿಮ್ಮಕ್ಕ,” ಎಂದಳು. “ನಮ್ಮನೆಯವ್ರೇ ಕೈಯಾರೆ ನಿಲ್ಸಿದಾರೆ. ಅತ್ತೆ ನೋಡ್ಕಳಕ್ಕೆ ನಾನು ಅಂಗ್ಡಿ ಬಿಡ್ಲಿ ಅಂತ. ನಂಗೆ ಹೇಳ್ದೆ ಮಾಡಿದಾರೆ.”

ತಿಮ್ಮಕ್ಕ ಎದ್ದು ಹೋಗಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಚರಂಡಿಗೆ ಉಗಿದು ಬಂದಳು. ಮಾಲಿನಿ ಕಾದಳು.

“ನಿಮ್ಮತ್ತೆ ಎದ್ದು ಓಡಾಡ್ತಾಳೇನವ್ವ?” ಎಂದು ಕೇಳಿದಳು ತಿಮ್ಮಕ್ಕ.

“ಇಲ್ಲ.”

“ಮತ್ತೆ? ಬಡೀಲಿಲ್ಲ, ಬೈಲಿಲ್ಲ. ಮಾನವಂತ, ನಾಜೂಕಾಗಿ ಮಾಡವ್ನೆ. ನಮ್ಮ ಕಡೆ ಆಗಿದ್ರೆ ಜಡೆ ಹಿಡ್ದು ಎಳ್ಕಂಡೋಗೋರು.”

ಉಳಿದವರು ತಲೆಯಾಡಿಸಿದರು. ಒಬ್ಬಳು, ಹೆತ್ತವಳಿಗಾಗಿ ಇಷ್ಟು ಮಾಡುವ ಮಗ ಈಗ ಎಲ್ಲಿ ಸಿಗುತ್ತಾನೆ ಎಂದಳು. ಇನ್ನೊಬ್ಬಳು ತನ್ನ ಮಗನ ವಿಷಯ ತೆಗೆದು ಕಣ್ಣಿಗೆ ಸೆರಗು ಹಚ್ಚಿದಳು. ಅವರ ದನಿಯಲ್ಲಿ ಮಾಲಿನಿಯ ಮೇಲೆ ಕೋಪವಿರಲಿಲ್ಲ. ಹಟಮಾರಿ ಮಗಳಿಗೆ ಬುದ್ಧಿ ಹೇಳುವ ಮಮತೆಯೇ ಇತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

“ನಿಮ್ಮ ಹೆಬ್ಬೆಟ್ಟು ಇನ್ನೆಲ್ಲೂ ಬರಲ್ಲ ತಿಮ್ಮಕ್ಕ. ಗೊತ್ತಲ್ವಾ?”

“ನಮ್ದೇನವ್ವ. ತರೀಕೆರೆಗೋ ಕಡೂರಿಗೋ ಹೋಗಿ ಕೇಳ್ತೀವಿ. ಅಲ್ಲೂ ಬರ್ದಿದ್ರೆ ಸತ್ತೋಗವ್ಳೆ ಅಂತ ಬರ್ಕಳ್ಳಿ. ಅದ್ಕೇನ್ ಗಂಡನ್ ಮ್ಯಾಲೆ ಬೇಜಾರ್ ಮಾಡ್ಕಂತಾರಾ?” ತಿಮ್ಮಕ್ಕ ಅವಳ ಗಲ್ಲ ಸವರಿ ಲಟಿಕೆ ಮುರಿದಳು. ಎಲ್ಲರೂ ಒಟ್ಟಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ದಾರಿಯಲ್ಲಿ ತಿಮ್ಮಕ್ಕ ಏನೋ ಅಂದಳು, ಉಳಿದವರು ನಕ್ಕರು. ಆ ನಗು ಮಾಲಿನಿಗೆ ಕೇಳಿಸಿತು, ಮಾತು ಕೇಳಿಸಲಿಲ್ಲ.

ಅವಳು ಎರಡೂ ಕಂಪ್ಯೂಟರ್ ಆರಿಸಿ, ಶಟರ್ ಎಳೆದು, ಬೀಗ ಹಾಕಿ ಮನೆಗೆ ನಡೆದಳು. ಮನಸ್ಸು ಒಂದೇ ಕಡೆ ಗಟ್ಟಿಯಾಗಿತ್ತು. ಬೀದಿಯಲ್ಲಿ ಹೇಳಿಯಾಯಿತು, ಇನ್ನು ಮನೆಯಲ್ಲೂ ಹೇಳಬೇಕು. ಮಗ ಮಾಡಿದ್ದು ತಾಯಿಗೆ ತಿಳಿಯಲಿ. ನಾಳೆಯಿಂದ ಅತ್ತೆಯ ಮೈ ತೊಳೆಯುತ್ತೇನೆ, ಎತ್ತಿ ಕೂರಿಸುತ್ತೇನೆ, ಎಲ್ಲ ಮಾಡುತ್ತೇನೆ. ಆದರೆ ಇದನ್ನು ನಾನು ಬಿಟ್ಟದ್ದಲ್ಲ, ಬಿಡಿಸಿದ್ದು ಎಂಬುದು ಆ ಮನೆಯ ಗೋಡೆಗಳಿಗೆ ಗೊತ್ತಿರಬೇಕು.

ಓಂಕಾರೇಶ್ ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದ. ಹಜಾರದಲ್ಲಿ ನಿಂತಿದ್ದವನು ಅವಳನ್ನು ಕಂಡು ಅಡುಗೆಮನೆಯ ಕಡೆ ಸರಿದ. ಅವಳು ನೇರವಾಗಿ ಅತ್ತೆಯ ಕೋಣೆಗೆ ಹೋದಳು.

ಪಾಪಮ್ಮ ಅಂದು ಗೋಡೆಯ ಕಡೆ ಮುಖ ಮಾಡಿರಲಿಲ್ಲ. ಬಾಗಿಲನ್ನೇ ನೋಡುತ್ತ ದಿಂಬಿಗೆ ಒರಗಿದ್ದಳು. ಹತ್ತಿರ ಬಾ ಎಂದು ಕೈ ಮಾಡಿದಳು. ಮಾಲಿನಿ ಮಂಚದ ಅಂಚಿನಲ್ಲಿ ಕೂತು, ಅತ್ತೆ ಎಂದಳು. ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು.

“ಓಂಕಾರ ಹೇಳ್ದ,” ಎಂದಳು ಪಾಪಮ್ಮ. “ನನ್ ಸಲುವಾಗಿ ನೀನೇ ಅಂಗ್ಡಿ ಬಿಟ್ಬಿಟ್ಯಂತಲ್ಲ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಪಾಪಮ್ಮ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಮದುವೆಯಾಗಿ ಬಂದ ದಿನದಿಂದ ಆ ಕೈಗಳು ಅವಳಿಗೆ ಕೆಲಸ ತೋರಿಸಿದ್ದವು, ಬೊಟ್ಟು ಮಾಡಿದ್ದವು, ಹೀಗೆ ಹಿಡಿದಿರಲಿಲ್ಲ. “ಕೇಳಕ್ಕೆ ನಂಗ್ ಬಾಯಿಲ್ಲ ಕಣವ್ವ. ನಿನ್ ದುಡಿಮೆ ನಿಂದು, ನಾನ್ಯಾಕ್ ಅಡ್ಡ ಬರ್ಲಿ ಅಂತ ಹಲ್ ಕಚ್ಕಂಡ್ ಮಲ್ಗಿದ್ದೆ. ಒಳಗೊಳ್ಗೆ ನಿನ್ನ ಕಲ್ಲೆದೆಯವ್ಳು ಅಂದ್ಕಂಡಿದ್ದೆ. ನನ್ ನಾಲ್ಗೆ ಸೀದೋಗ್ಲಿ.” ಹಿಡಿದ ಕೈಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. “ಹೊಟ್ಟೇಲಿ ಹುಟ್ಟಿದವ್ಳು ಹಣ್ಣು ತಂದ್ಕೊಟ್ಟು ಹೋಗ್ತಾಳೆ. ನೀನು ಅನ್ನದ್ ದಾರಿನೇ ಬಿಟ್ಟೆ.”

ಈಗ ಹೇಳಬೇಕಾಗಿತ್ತು. ಹೇಳುವುದೆಂದರೆ, ನಿನಗಾಗಿ ನಾನು ಬಿಡಲಿಲ್ಲ ಎಂದು ಆ ಮುಖಕ್ಕೆ ಹೇಳುವುದು. ತಿಂಗಳುಗಟ್ಟಲೆ ಗೋಡೆಯನ್ನು ನೋಡಿದ ಕಣ್ಣುಗಳನ್ನು ಮತ್ತೆ ಗೋಡೆಯ ಕಡೆಗೇ ತಿರುಗಿಸುವುದು. ತಾನು ಕೊಡಬೇಕೆಂದು ಇಟ್ಟುಕೊಂಡಿದ್ದದ್ದನ್ನೇ ಅತ್ತೆ ಪಡೆದುಕೊಂಡಿದ್ದಳು. ಕೊಟ್ಟವನು ಮಾತ್ರ ಅವನಾಗಿದ್ದ, ಇವಳ ಹೆಸರಿನಲ್ಲಿ. ಮಾಲಿನಿಯ ಮಾತು ಒಳಗೇ ಎಲ್ಲೋ ಇಳಿದು ಹೋಯಿತು. ಇಳಿದು ಹೋಗುವಾಗಲೇ ಅವಳಿಗೆ ಗೊತ್ತಾಯಿತು, ಇನ್ನು ಅದು ಮೇಲೆ ಬರುವುದಿಲ್ಲವೆಂದು.

“ಎದ್ದು ಒಂಚೂರು ಕೂತ್ಕಳಿ ಅತ್ತೆ, ಬೆನ್ನಿಗೆ ಗಾಳಿ ಆಡ್ಲಿ,” ಎಂದಳು. ಕಂಕುಳಲ್ಲಿ ಕೈ ಕೊಟ್ಟು ಎತ್ತಿದಳು. ಪಾಪಮ್ಮ ಮೊದಲ ಸಲ ಪೂರ್ತಿ ಭಾರವನ್ನು ಅವಳ ಮೇಲೆ ಬಿಟ್ಟಳು.

ಅಡುಗೆಮನೆಯಲ್ಲಿ ಸದ್ದು ಮತ್ತೆ ಶುರುವಾಯಿತು. ಒಲೆ ಹೊತ್ತಿತು, ನೀರು ಸುರಿಯಿತು. ಓಂಕಾರೇಶ್ ಕಾಫಿಗೆ ಇಡುತ್ತಿದ್ದ. ಎಂದೂ ಆ ಕೆಲಸ ಮಾಡಿದವನಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ, ನಿಶ್ಚಿಂತೆಯ ದನಿಯಲ್ಲಿ, ಸಕ್ಕರೆ ಎಲ್ಲಿದೆ ಎಂದು ಕೂಗಿ ಕೇಳಿದ.

ಮಾಲಿನಿ ಅತ್ತೆಯ ಬೆನ್ನ ಹಿಂದೆ ದಿಂಬು ಸರಿಪಡಿಸುತ್ತ, ಒಲೆಯ ಪಕ್ಕದ ಸಣ್ಣ ಡಬ್ಬಿಯಲ್ಲಿದೆ ಎಂದಳು.